ಬೆಟಗೇರಿಯ ಉಸಿರುಗೊಂಬೆಗಳು

ಮೊದಲೇ ಹೇಳಿಬಿಡುತ್ತೇನೆ, ಅನುಮಾನ ಪಡುವುದು ನನ್ನ ಹೊಟ್ಟೆಪಾಡು. ಫಕೀರಪ್ಪ ಮುಳಗುಂದ, ವಿದ್ಯುತ್ ಕಂಪನಿಯ ಜಾಗೃತ ದಳ. ಈ ಹೆಸರು ಕೇಳಿದರೆ ಬೆಟಗೇರಿಯ ಓಣಿಗಳಲ್ಲಿ ಜನ ಕಟ್ಟೆಯಿಂದ ಎದ್ದು ನಮಸ್ಕಾರ ಹೊಡೆಯುತ್ತಾರೆ, ನಾನು ತಿರುವು ದಾಟಿದ ಮೇಲೆ ನನ್ನ ವಂಶವನ್ನೆಲ್ಲ ಜಾಲಾಡುತ್ತಾರೆ. ಎರಡೂ ನನಗೆ ಗೊತ್ತು. ಕಂಬಕ್ಕೆ ಕೊಂಡಿ ಹಾಕಿದವರನ್ನು, ಮೀಟರಿನ ಮೇಲೆ ಕೈಚಳಕ ತೋರಿಸಿದವರನ್ನು ಹಿಡಿಯಬೇಕಾದವನು ಮುಖ ನೋಡಿ ನಂಬುತ್ತ ಕೂತರೆ ಆದೀತೇ? “ದೇವರು ಪ್ರತ್ಯಕ್ಷ ಆದ್ರೂ ಇವರು ಮೊದಲ ಆಧಾರ್ ಕಾರ್ಡ್ ಕೇಳ್ತಾರ” ಎಂದು ನನ್ನ ಹೆಂಡತಿ ಅನಸೂಯಾ ಬಂದವರಿಗೆಲ್ಲ ಹೇಳುತ್ತಾಳೆ. ಕೇಳಿದರೆ ತಪ್ಪೇನು?

ಹೆಚ್ಚು ಬಳಸಿದವರನ್ನು ಹಿಡಿಯುವುದರಲ್ಲೇ ನನ್ನ ತಲೆ ನರೆತಿತ್ತು. ಕಡಿಮೆ ಬಳಸಿದವರನ್ನು ಹಿಡಿದುಕೊಂಡು ಬಾ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಈ ಸಲ ಬೇಸಿಗೆ ಶುರುವಾಗುವ ಹೊತ್ತಿಗೆ ಅದೂ ಬಂತು.

ಕಂಟ್ರೋಲ್ ರೂಮಿನ ಮುಖ್ಯಸ್ಥೆ ಅಣ್ಣಿಗೇರಿ ಮೇಡಂ ನನ್ನನ್ನು ಕರೆಸಿ ಗೋಡೆಯಷ್ಟು ದೊಡ್ಡ ಪರದೆಯ ಮುಂದೆ ನಿಲ್ಲಿಸಿದರು. ಕಲ್ಲಿದ್ದಲಿನ ಘಟಕಗಳನ್ನೆಲ್ಲ ಮುಚ್ಚಿದ ಮೇಲೆ ಒಂದೊಂದು ಜಿಲ್ಲೆಗೂ ಅದರದೇ ವಿದ್ಯುತ್ ಜಾಲ. ನಮಗೆ ಹಗಲು ಹೊಲಗಳಲ್ಲಿ ಹಾಸಿದ ಸೌರ ಫಲಕಗಳು, ರಾತ್ರಿ ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳು. ಇವೆರಡರ ನಡುವೆ ಸಂಜೆ ಒಂದು ಕೆಟ್ಟ ಗಳಿಗೆ ಬರುತ್ತದೆ. ಬಿಸಿಲು ಇಳಿದಿರುತ್ತದೆ, ಗಾಳಿ ಎದ್ದಿರುವುದಿಲ್ಲ, ಅದೇ ಹೊತ್ತಿಗೆ ಮನೆಮನೆಯಲ್ಲಿ ದೀಪ, ಒಲೆ, ಫ್ಯಾನು, ಮಗ್ಗ ಎಲ್ಲ ಒಟ್ಟಿಗೆ ಬಾಯಿ ತೆರೆಯುತ್ತವೆ. ಬ್ಯಾಟರಿಗಳಲ್ಲಿ ಕೂಡಿಟ್ಟದ್ದು ಸಾಲದಿದ್ದರೆ ಮೇಡಂ ಯಾವುದಾದರೂ ಬಡಾವಣೆಯ ಕರೆಂಟ್ ತೆಗೆಯಬೇಕು. ಆಮೇಲೆ ರಾತ್ರಿಯೆಲ್ಲ ಫೋನಿನಲ್ಲಿ ಬೈಗುಳ ತಿನ್ನಬೇಕು.

“ಈ ಗೆರಿ ನೋಡ್ರಿ ಮುಳಗುಂದ,” ಎಂದರು. “ಬೆಟಗೇರಿದು. ಸಂಜಿ ಹೊತ್ತು.”

ಏರಬೇಕಾಗಿದ್ದ ಗೆರೆ ಇಳಿಯುತ್ತಿತ್ತು. ಸುಮ್ಮನೆ ಇಳಿದಿರಲಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ಮೊದಲು ಒಂದು ಓಣಿ, ಆಮೇಲೆ ಅದರ ಪಕ್ಕದ್ದು, ಆಮೇಲೆ ಅದರ ಹಿಂದಿನದು. ಯಾರೋ ನಡೆದುಕೊಂಡು ಹೋಗುತ್ತ ಒಂದೊಂದೇ ಸ್ವಿಚ್ ಆರಿಸಿದ ಹಾಗೆ.

“ಚಲೋ ಆತಲ್ರಿ ಮೇಡಂ. ಕತ್ತಲಿ ಮಾಡೋದು ತಪ್ಪಿತು.”

“ಏನ್ ಚಲೋ ಆತು? ನಾ ಯಾರಿಗೂ ಮಗ್ಗ ಬಂದ್ ಮಾಡ್ರಿ ಅಂತ ಹೇಳಿಲ್ಲ. ಮತ್ತ ಯಾರು ಹೇಳಿದ್ರು? ಓಣಿಗಟ್ಟಲೆ ಮಗ್ಗ ಬಂದ್ ಮಾಡಾಕ ಬರೋ ಕೈಗೆ ಅಷ್ಟೂ ಮಗ್ಗ ಒಮ್ಮೆಲೆ ಚಾಲೂ ಮಾಡಾಕೂ ಬರ್ತೈತಿ. ಅವತ್ತು ಜಿಲ್ಲಾ ಪೂರ್ತಿ ಬೀಳ್ತೈತಿ. ದವಾಖಾನಿ, ನೀರಿನ ಪಂಪು, ಎಲ್ಲಾ.” ಅವರು ಧ್ವನಿ ತಗ್ಗಿಸಿದರು. “ಮ್ಯೂಸಿಯಂದವರು ಸಣ್ಣ ಹುಡುಗ್ರಿಗೆ ಗೊಂಬಿ ಹಂಚ್ಯಾರಂತಲ್ಲ, ಅದಾದ ಮ್ಯಾಲ ಇದು ಶುರುವಾಗೈತಿ. ನಿಮ್ಮ ಮಗಳೂ ಹೋಗ್ತಾಳಂತ ಕೇಳೀನಿ.”

ಹೋಗುತ್ತಾಳೆ. ಆಗಲೇ ನನ್ನ ಕಿವಿ ನೆಟ್ಟಗಾಯಿತು.

*

ಬೆಟಗೇರಿಯ ಹಳೆಯ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯನ್ನೇ ಮ್ಯೂಸಿಯಂ ಮಾಡಿದ್ದಾರೆ. ಹಿಂದಿನ ದೊಡ್ಡ ಗೋದಾಮಿನಲ್ಲಿ ಚಿಕ್ಕ ಮಕ್ಕಳಿಗಾಗಿ ‘ಗಾಳಿ ಬಿಸಿಲ ಮನೆ’. ಅದನ್ನು ನಡೆಸುವವರು ಮೆಹಜಬೀನ್ ನದಾಫ್, ಮಕ್ಕಳ ಬಾಯಲ್ಲಿ ಮೆಹಜಬೀನ್ ಟೀಚರ್. ನಾನು ಭಾನುವಾರ ಮಗಳ ಕೈ ಹಿಡಿದುಕೊಂಡು, ಒಳ್ಳೆಯ ತಂದೆಯ ಮುಖ ಹಾಕಿಕೊಂಡು ಒಳಗೆ ಹೋದೆ.

ನನ್ನ ಮಗಳಿಗೆ ಶಾಲೆಯಲ್ಲಿ ದಿವ್ಯಾ ಎಂದು ಹೆಸರು. ಮನೆಯಲ್ಲಿ ನನ್ನ ಅವ್ವನ ಹೆಸರು, ದ್ಯಾಮವ್ವ. ನಾವು ದ್ಯಾಮಿ ಅನ್ನುತ್ತೇವೆ. ಒಂದನೇ ಈಯತ್ತೆ. ಇಡೀ ಊರಿನಲ್ಲಿ ನನ್ನನ್ನು ಕಂಡರೆ ಓಡಿಹೋಗದೆ ಓಡಿ ಬರುವ ಜೀವ ಅದೊಂದೇ. ನಾನು ಬೈಕು ನಿಲ್ಲಿಸುವುದರೊಳಗೆ ಬಾಗಿಲಿಗೆ ಬಂದು, ಶಾಲೆಯಲ್ಲಿ ಯಾರು ಯಾರಿಗೆ ಚಿವುಟಿದರು, ಯಾರ ಡಬ್ಬಿಯಲ್ಲಿ ಏನಿತ್ತು, ಎಲ್ಲ ವರದಿ ಒಪ್ಪಿಸುತ್ತಾಳೆ. ದಿನವೆಲ್ಲ ಸುಳ್ಳು ಕೇಳಿ ಕೇಳಿ ಬಂದವನಿಗೆ ಅದೊಂದು ಖರೇ ಮಾತು ಕೇಳದಿದ್ದರೆ ಅನ್ನ ಇಳಿಯುತ್ತಿರಲಿಲ್ಲ. ಇದನ್ನು ನಾನು ಅನಸೂಯಾಳಿಗೂ ಹೇಳಿದವನಲ್ಲ.

ಟೀಚರು ಮಕ್ಕಳನ್ನು ನೆಲದ ಮೇಲೆ ಕೂರಿಸಿದ್ದರು. ಜಿನ್ನಿಂಗ್ ಯಂತ್ರದ ಹಳೆಯ ದೊಡ್ಡ ಚಕ್ರಕ್ಕೆ ಹಗ್ಗ ಸುತ್ತಿ ಅದರ ಪಕ್ಕಕ್ಕೆ ದೀಪಗಳ ಸಾಲು ಕಟ್ಟಿದ್ದರು. ಮಕ್ಕಳು ಹಗ್ಗ ಎಳೆದರೆ ಚಕ್ರ ತಿರುಗಿ ಕರೆಂಟ್ ಹುಟ್ಟುತ್ತದೆ. ಒಂದು ದೀಪ ಹಚ್ಚಿದಾಗ ಚಕ್ರ ಹಗುರಾಗಿ ತಿರುಗಿತು. ಇನ್ನೊಂದು ಹಚ್ಚಿದರು, ಮತ್ತೊಂದು ಹಚ್ಚಿದರು. ಎಳೆಯುವವರ ಮುಖ ಕೆಂಪಾಯಿತು, ಚಕ್ರ ನಿಧಾನವಾಯಿತು, ದೀಪಗಳೆಲ್ಲ ಮಂಕಾದವು.

“ಚಕ್ರಕ್ಕ ಯಾಕ ಸುಸ್ತಾತು?” ಎಂದು ಟೀಚರು ಕೇಳಿದರು.

“ಭಾಳ ಮಂದಿ ಕೇಳಾಕತ್ತಾರ್ರಿ, ಕೊಡೋರು ಕಡಿಮಿ ಅದಾರ್ರಿ!” ಎಂದು ಒಬ್ಬ ಹುಡುಗಿ ಕೂಗಿದಳು.

“ಟೀಚರ್, ಗಾಳಿ ಖರ್ಚಾಗಂಗಿಲ್ಲೇನ್ರಿ?”

“ಗಾಳಿ ಎಷ್ಟು ಬಳಸಿದ್ರೂ ಖರ್ಚಾಗಂಗಿಲ್ಲ. ಬಿಸಿಲೂ ಖರ್ಚಾಗಂಗಿಲ್ಲ. ಆದ್ರ ನಾವು ಕರದಾಗ ಬರಂಗಿಲ್ಲ, ಅವಕ್ಕ ಮನಸ್ಸಾದಾಗ ಬರ್ತಾವ.”

“ನಮ್ಮಪ್ಪನಂಗ!” ಎಂದಳು ನನ್ನ ಮಗಳು. ಹುಡುಗರೆಲ್ಲ ಹೋ ಎಂದು ನಕ್ಕರು. ಟೀಚರು ನನ್ನ ಕಡೆ ನೋಡಿ ತುಟಿ ಕಚ್ಚಿಕೊಂಡರು. ನಾನೂ ನಕ್ಕೆ, ಏನು ಮಾಡುವುದು.

ಆಮೇಲೆ ಗೊಂಬೆಗಳು ಬಂದವು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಸುಟ್ಟ ಮಣ್ಣಿನ ಗೊಂಬೆ, ಹೊಟ್ಟೆಯ ಜಾಗದಲ್ಲಿ ಮೆತ್ತನೆಯ ರಬ್ಬರು. ಅದು ಉಸಿರಾಡುತ್ತಿತ್ತು. ಹೊಟ್ಟೆ ಉಬ್ಬುತ್ತದೆ, ಇಳಿಯುತ್ತದೆ. ಜಾಲದಲ್ಲಿ ಕರೆಂಟ್ ಸಾಕಷ್ಟಿದ್ದರೆ ಮಲಗಿದ ಕೂಸಿನ ಹಾಗೆ ನಿಧಾನಕ್ಕೆ, ಕೊರತೆ ಬಿದ್ದರೆ ಏದುಸಿರು. ಯೂನಿಟ್ಟು, ಮೆಗಾವ್ಯಾಟು ಎಂದರೆ ಆರು ವರ್ಷದ ಮಕ್ಕಳಿಗೆ ತಲೆ ಬುಡ ತಿಳಿಯುವುದಿಲ್ಲ, ತೇಕುವುದು ಮಾತ್ರ ತಿಳಿಯುತ್ತದೆ ಎಂದು ಟೀಚರು ನನಗೆ ವಿವರಿಸಿದರು. ಗೊಂಬೆ ತೇಕುವಾಗ ನಿಮ್ಮ ಮನೆಯಲ್ಲಿ ಒಂದು ಬಟನ್ ಆರಿಸಿ, ಅಷ್ಟೇ ಪಾಠ.

“ಇದಕ್ಕ ಸುದ್ದಿ ಎಲ್ಲಿಂದ ಬರ್ತೈತ್ರಿ?” ಎಂದು ಕೇಳಿದೆ, ಸಹಜವಾಗಿ ಕೇಳಿದ ಹಾಗೆ.

“ಎಲ್ಲಿಂದನೂ ಇಲ್ರಿ. ಗ್ವಾಡಿಯೊಳಗ, ಕಂಬದ ಮ್ಯಾಲ ತಂತಿ ಇರ್ತೈತಲ್ರಿ, ಅದು ಸದಾ ಗುಂಯ್ ಅಂತಿರ್ತೈತಿ. ನಮ್ಮ ಕಿವಿಗೆ ಕೇಳಂಗಿಲ್ಲ, ಇದರ ಹೊಟ್ಟಿಯೊಳಗಿನ ಸುರುಳಿಗೆ ಕೇಳ್ತೈತಿ. ಈಗ ಚಕ್ರ ನಿಧಾನ ಆತಲ್ಲ, ಹಂಗ ಕೊರತಿ ಬಿದ್ದಾಗ ಆ ಗುಂಯ್ ಅನ್ನೋದೂ ಒಂದೀಟು ನಿಧಾನ ಆಗ್ತೈತಿ. ಎಲ್ಲಾರ ಮನಿ ತಂತಿಯೊಳಗೂ ಒಂದ ಸಲಕ್ಕ. ಅಷ್ಟ.”

“ಯಾರೂ ಹೇಳಿಕೊಡಂಗಿಲ್ಲ?”

“ಯಾರೂ ಇಲ್ರಿ.”

ಇಷ್ಟು ಸಲೀಸಾಗಿ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. ಖರೇ ಹೇಳುವವರು ಒಂದಿಷ್ಟಾದರೂ ತಡವರಿಸುತ್ತಾರೆ. ಅದರ ಮೇಲೆ, ಮೂಲೆಯಲ್ಲಿ ಬೀಗ ಹಾಕಿದ ಒಂದು ಕಪಾಟು ಬೇರೆ ಕಂಡಿತು. ಅದರಲ್ಲೇನು ಎಂದು ಕೇಳಿದೆ. ಕೆಟ್ಟುಹೋದ ಗೊಂಬೆಗಳಂತೆ, ಉಸಿರು ನಿಂತ ಗೊಂಬೆ ಕಂಡರೆ ಸಣ್ಣ ಹುಡುಗರು ಅಳುತ್ತಾರಂತೆ, ಅದಕ್ಕೇ ಬೀಗವಂತೆ. ಒಳ್ಳೆಯ ಕತೆ, ಅಂದುಕೊಂಡೆ.

“ಸಂಜಿಗೆ ಈ ಹುಡುಗ್ರು ಎಲ್ಲಿ ಹೋಗ್ತಾರ, ನಿಮಗೇನರ ಗೊತ್ತೇನ್ರಿ?”

“ನನಗ ಹೆಂಗ ಗೊತ್ತಾಗ್ಬೇಕ್ರಿ? ಗೇಟ್ ದಾಟಿದ ಮ್ಯಾಲ ಅವು ನಿಮ್ಮ ಹುಡುಗ್ರು,” ಎಂದರು ಟೀಚರು. ಆದರೆ ನಾನು ಪ್ರಶ್ನೆ ಕೇಳಿದ ಕೂಡಲೇ ಅಲ್ಲಿದ್ದ ಮಕ್ಕಳೆಲ್ಲ ಗಪ್ಪಾಗಿದ್ದನ್ನು ನಾನು ನೋಡಿದೆ. ದ್ಯಾಮಿ ನನ್ನ ಕೈ ಬಿಟ್ಟು ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತಿದ್ದಳು.

*

ಮ್ಯೂಸಿಯಂದವರು ಮೊದಲೇ ಕೊಟ್ಟಿದ್ದ ಅಂಥದೇ ಒಂದು ಗೊಂಬೆಯ ದರಬಾರು ನಮ್ಮ ಮನೆಯಲ್ಲೂ ನಡೆದಿತ್ತು. ದ್ಯಾಮಿ ಅದಕ್ಕೆ ಕಲ್ಲವ್ವ ಎಂದು ಹೆಸರಿಟ್ಟು, ಕುಬಸದ ತುಂಡಿನಲ್ಲಿ ಸೆರಗು ಹೊದಿಸಿ, ಅಡುಗೆಮನೆಯ ಗೂಡಿನಲ್ಲಿ ಕೂರಿಸಿದ್ದಳು. ಅನಸೂಯಾ ಕೂಡ ಅದರ ಮುಖ ನೋಡದೆ ಕರೆಂಟಿನ ಒಲೆ ಹಚ್ಚುತ್ತಿರಲಿಲ್ಲ.

“ರೊಟ್ಟಿ?” ಎಂದೆ.

“ತಡೀರಿ, ಕಲ್ಲವ್ವ ತೇಕಾಕತ್ತಾಳ. ಗಾಳಿ ಏಳ್ಲಿ.”

“ನನ್ನ ಹೊಟ್ಟಿ ಹಸದೈತಿ ಮಾರಾಯ್ತಿ!”

“ನಿಮ್ಮ ಹೊಟ್ಟಿ ಒಂದ. ಆಕಿ ಹೊಟ್ಟಿಯೊಳಗ ಇಡೀ ಜಿಲ್ಲಾ ಐತಿ,” ಎಂದಳು. ಇದು ಮಗಳು ಕಲಿಸಿದ ಮಾತು, ಅನುಮಾನವೇ ಇಲ್ಲ. ನನ್ನ ಮನೆಯಲ್ಲಿ ನನ್ನ ಊಟದ ಹೊತ್ತನ್ನು ಒಂದು ಮಣ್ಣಿನ ಗೊಂಬೆ ತೀರ್ಮಾನಿಸುತ್ತದೆ ಎಂದರೆ, ಅದರ ಹಿಂದೆ ಕೂತವರು ಯಾರು ಎಂದು ನಾನು ಕೇಳಬಾರದೇ? ಅನಸೂಯಾ ಒಬ್ಬಳೇ ಅಲ್ಲ, ಓಣಿಯೇ ಹಾಗಾಗಿತ್ತು. ಇಸ್ತ್ರಿ ಅಂಗಡಿಯವನು ಗೊಂಬೆ ಮಲಗಿದ ಮೇಲೆ ಬಾ ಎಂದು ನನ್ನ ಅಂಗಿಯನ್ನು ವಾಪಸ್ ಕಳಿಸಿದ್ದ.

ದ್ಯಾಮಿ ಕತ್ತಲಾಗುವ ಹೊತ್ತಿಗೆ ಬಂದಳು. ಹಣೆಯ ಮೇಲೆ ಬೆವರು, ಕೂದಲಿಗೆ ಮಸಿ.

“ಎಲ್ಲಿಗೆ ಹೋಗಿದ್ದಿ?”

“ಆಟಕ್ಕ.”

“ಏನ್ ಆಟ?”

ನಾನು ತೊಡೆಯ ಮೇಲೆ ಕೂರಿಸಿಕೊಂಡು ಮತ್ತೆ ಕೇಳಿದೆ. ಅವಳು ನನ್ನ ಅಂಗಿಯ ಗುಂಡಿ ತಿರುವುತ್ತ ಹೇಳಿದಳು, “ನಿನಗ ಹೇಳಬಾರದಂತ ಅಪ್ಪಾ.”

“ಯಾರಂದ್ರು? ಟೀಚರಾ?”

“ಎಲ್ಲಾರೂ.”

ಕಳ್ಳರ ಬಾಯಿ ಬಿಡಿಸುವುದು ನನಗೆ ಬರುತ್ತದೆ. ಇವಳ ಬಾಯಿ ಬಿಡಿಸುವುದು ಹೇಗೆ? ಆರು ವರ್ಷದ ಕೂಸಿಗೆ ಅಪ್ಪನ ಹತ್ತಿರ ಮುಚ್ಚಿಡುವುದನ್ನು ಕಲಿಸಿದವರು ಯಾರೇ ಇರಲಿ, ಅವರನ್ನು ಬಿಡುವುದಿಲ್ಲ ಎಂದು ಹಲ್ಲು ಕಚ್ಚಿದೆ. ಆ ಟೀಚರ ಸಲೀಸಾದ ಉತ್ತರಗಳೇ ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದವು.

ಮರುದಿನ ದ್ಯಾಮಿ ಶಾಲೆಗೆ ಹೋದ ಮೇಲೆ ಕಲ್ಲವ್ವನನ್ನು ಗೂಡಿನಿಂದ ಇಳಿಸಿ, ಸೆರಗು ತೆಗೆದು, ಸ್ಕ್ರೂ ಡ್ರೈವರ್ ಹಿಡಿದುಕೊಂಡು ಕೂತೆ. ಬೆನ್ನಿನ ಸ್ಕ್ರೂ ಬಿಚ್ಚಿದರೂ ಮುಚ್ಚಳ ಏಳಲಿಲ್ಲ. ಮೀಟಿದೆ. ಮಣ್ಣು ಟಕ್ ಎಂದು ಒಡೆಯಿತು, ರಬ್ಬರು ಹರಿಯಿತು. ಒಳಗೆ ಒಂದು ತಂತಿಯ ಸುರುಳಿ, ಒಂದು ಬಟನ್ ಸೆಲ್ಲು, ಉಗುರಿನಷ್ಟು ದೊಡ್ಡ ಚಿಪ್, ಗಾಳಿ ಊದುವ ಪುಟ್ಟ ತಿದಿ. ಆಂಟೆನಾ ಇಲ್ಲ, ಸಿಮ್ ಇಲ್ಲ, ಮೈಕಿಲ್ಲ. ಸುದ್ದಿ ತರುವಂಥದ್ದು, ಒಯ್ಯುವಂಥದ್ದು ಏನೇನೂ ಇಲ್ಲ. ಇಷ್ಟು ಕಂಡ ಮೇಲೆ ಯಾರಾದರೂ ಸುಮ್ಮನಾಗಬೇಕು. ನನಗೆ ಅನಿಸಿದ್ದು ಬೇರೆ. ಏನೂ ಸಿಗದ ಹಾಗೆ ಮುಚ್ಚಿಟ್ಟಿದ್ದಾರೆ ಎಂದರೆ ಇವರು ಎಂಥ ಖದೀಮರಿರಬೇಕು!

ಅಂಟು ಹಚ್ಚಿ ಕೂಡಿಸಿದೆ. ನೋಡಲು ಗೊಂಬೆ ಮೊದಲಿನ ಹಾಗೇ ಇತ್ತು, ಉಸಿರು ಮಾತ್ರ ಇರಲಿಲ್ಲ.

ದ್ಯಾಮಿ ಬಂದವಳೇ ಗೂಡಿನ ಮುಂದೆ ನಿಂತಳು. ಬಹಳ ಹೊತ್ತು ನಿಂತಳು. “ಅಪ್ಪಾ, ಕಲ್ಲವ್ವ ಸತ್ತಾಳ.”

“ಇಲಿ ಕೆಡವಿರ್ಬೇಕವ್ವಾ,” ಎಂದೆ.

ಅವಳು ಗೊಂಬೆಯನ್ನು ತಿರುಗಿಸಿ ನೋಡಿದಳು. “ಇಲಿಗೆ ಸ್ಕ್ರೂ ಬಿಚ್ಚಾಕ ಬರ್ತೈತೇನು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವ್ವನ ಹತ್ತಿರ ಹೋಗಿ ಅತ್ತಳು. ಅನಸೂಯಾ ಆ ದಿನ ನನ್ನ ಜೊತೆ ಮಾತಾಡಲಿಲ್ಲ.

ಆದರೂ ನಾನು ವರದಿ ಬರೆದೆ. ಗೊಂಬೆಯಲ್ಲಿ ಆಕ್ಷೇಪಾರ್ಹ ವಸ್ತು ಕಂಡುಬಂದಿಲ್ಲ, ಆದರೂ ಅಪಾಯವಿಲ್ಲವೆಂದು ಹೇಳಲಾಗದು. ನಮ್ಮ ಇಲಾಖೆಯ ಭಾಷೆ ಇದು. ಇದರಿಂದ ಯಾವ ಇನ್‌ಸ್ಪೆಕ್ಟರಿಗೂ ಎಂದೂ ತೊಂದರೆಯಾಗಿಲ್ಲ.

*

“ಮಗ್ಗ ಬಂದ್ ಮಾಡಿಸೋರು ಇವತ್ತು ಕೈಗೆ ಸಿಗಬೇಕ್ರಿ,” ಎಂದು ಅಣ್ಣಿಗೇರಿ ಮೇಡಂ ಹೇಳಿದ್ದರು. ಅವರು ಕಂಟ್ರೋಲ್ ರೂಮಿನಿಂದ ಫೋನಿನಲ್ಲಿ ಓಣಿ ಓಣಿಯ ಹೆಸರು ಹೇಳಬೇಕು, ನಾನು ಅಲ್ಲಿಗೆ ಓಡಬೇಕು. ಹಾಗೆಂದು ಏರ್ಪಾಡಾಗಿತ್ತು.

ಹೊತ್ತು ಮುಳುಗಿತು. ಗಾಳಿ ಇಲ್ಲ, ಬೇವಿನ ಎಲೆ ಅಲುಗುತ್ತಿಲ್ಲ. ಬೆಟಗೇರಿಯ ನೇಕಾರರ ಓಣಿಗಳಲ್ಲಿ ಮಗ್ಗಗಳು ಖಟಖಟ ಬಡಿಯುತ್ತಿದ್ದವು. ಅಲ್ಲಿ ಹುಟ್ಟಿ ಬೆಳೆದವರಿಗೆ ಆ ಸದ್ದು ಕೇಳಿಸುವುದೇ ಇಲ್ಲ, ನಿಂತಾಗ ಮಾತ್ರ ಕೇಳಿಸುತ್ತದೆ.

“ಶುರುವಾತು ಮುಳಗುಂದ. ನಿಮ್ಮ ಬಲಕ್ಕ, ನೀರಿನ ಟಾಕಿ ಹಿಂದಿನ ಓಣಿ.”

ನಾನು ಟಾಕಿಯ ಮರೆಗೆ ಹೋಗಿ ಕತ್ತು ಚಾಚಿದೆ. ಮೊದಲು ಒಂದು ಮಗ್ಗ ನಿಂತಿತು. ಆಮೇಲೆ ಅದರ ಪಕ್ಕದ ಮನೆಯದು. ಆಮೇಲೆ ಎದುರು ಮನೆಯದು. ಸದ್ದು ಒಂದೊಂದೇ ಮನೆ ಬಿಟ್ಟುಕೊಡುತ್ತ ನನ್ನ ಕಡೆಗೇ ಬರುತ್ತಿತ್ತು.

ಬಂದದ್ದು ಮಕ್ಕಳ ಗುಂಪು. ಮುಂದೆ ನಡೆದವಳ ತಲೆಯ ಮೇಲೆ ರೊಟ್ಟಿ ಬೇಯಿಸುವ ಹಂಚು, ಬೋರಲು. ಹಂಚಿನ ಮೇಲೆ ಉಸಿರುಗೊಂಬೆ, ಅದರ ಸುತ್ತ ಗರಿಕೆ.

ಗುರ್ಚಿ! ನನಗೆ ನಗು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆ ಮಕ್ಕಳು ಮಳೆ ಬೇಡುತ್ತ ಹಂಚಿನ ಮೇಲೆ ಸೆಗಣಿಯ ಗುರ್ಚಿಗೊಂಬೆ ಮಾಡಿ, ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ. ಮನೆಯವರು ಅದರ ಮೇಲೆ ನೀರು ಸುರಿಯುತ್ತಾರೆ, ಹೊತ್ತ ಹುಡುಗ ಗಿರಗಿರ ತಿರುಗುತ್ತಾನೆ, ಜೋಳದ ಹಿಟ್ಟೋ ಕಾಳೋ ಕೊಟ್ಟು ಕಳಿಸುತ್ತಾರೆ. ಬಾಗಿಲಿಗೆ ಬಂದ ಗುರ್ಚಿಯನ್ನು ಬರಿಗೈಲಿ ಕಳಿಸಿದ ಮನೆಯನ್ನು ನಾನು ಕಂಡಿಲ್ಲ. ಮ್ಯೂಸಿಯಮ್ಮಿನಲ್ಲಿ ‘ನಿಮ್ಮ ಮನೆಯಲ್ಲಿ ಒಂದು ಬಟನ್ ಆರಿಸಿ’ ಎಂದು ಹೇಳಿಕೊಟ್ಟದ್ದನ್ನು ಈ ಮಕ್ಕಳು ತಮಗೆ ತಿಳಿದ ದಾರಿಯಲ್ಲಿ ಮಾಡಿದ್ದರು. ಮಳೆ ಇಲ್ಲದಿದ್ದರೆ ಗುರ್ಚಿ ಹೊರಬೇಕು, ಗಾಳಿ ಇಲ್ಲದಿದ್ದರೂ ಗುರ್ಚಿಯನ್ನೇ ಹೊರಬೇಕಲ್ಲವೇ? ಇದನ್ನು ಯಾವ ಟೀಚರೂ ಹೇಳಿಕೊಡಬೇಕಾಗಿರಲಿಲ್ಲ.

ನೇಕಾರರ ಅಂಬುಬಾಯಿ ಕಬಾಡಿ ಬಾಗಿಲಿಗೆ ಬಂದು, ತೇಕುತ್ತಿದ್ದ ಗೊಂಬೆಯನ್ನು ನೋಡಿ, “ಅಯ್ಯ ನನ್ನವ್ವ, ಎಷ್ಟು ದಣದಾಳ ನೋಡ್ರಿ!” ಎಂದು ಲೊಚಗುಟ್ಟಿ ಒಳಗೆ ಕೂಗಿದಳು. “ಏ, ಮಗ್ಗ ಬಂದ್ ಮಾಡ್ರೋ. ಗುರ್ಚಿ ಬಂದೈತಿ.”

ಮಗ್ಗ ನಿಂತಿತು. ಹಂಚು ಹೊತ್ತವಳು ನಿಂತಲ್ಲೇ ಗಿರಗಿರ ತಿರುಗಿದಳು. ತಿರುಗಿ ನಿಂತಾಗ ದೀಪದ ಬೆಳಕು ಮುಖಕ್ಕೆ ಬಿತ್ತು. ನನ್ನ ದ್ಯಾಮಿ. ತನ್ನ ಗೊಂಬೆ ಸತ್ತಿತ್ತಲ್ಲ, ಯಾರದೋ ಗೊಂಬೆ ಹೊತ್ತಿದ್ದಳು.

ನಾನು ಮರೆಯಿಂದ ಹೊರಗೆ ಬಂದೆ. ಒಂದಿಬ್ಬರು ಮಕ್ಕಳು ಅಂಬುಬಾಯಿಯ ಸೀರೆಯ ಹಿಂದೆ ಸೇರಿದರು. ದ್ಯಾಮಿ ಓಡಿ ಬರಲಿಲ್ಲ. ಹಂಚನ್ನು ತಲೆಯಿಂದ ಇಳಿಸಿ, ಗೊಂಬೆಯನ್ನು ಎದೆಗೆ ಒತ್ತಿಕೊಂಡು, ಅದರ ಮೇಲೆ ಎರಡೂ ಕೈ ಮುಚ್ಚಿದಳು. ನನ್ನಿಂದ ಕಾಪಾಡಲು.

“ಸಾಹೇಬ್ರ, ಹುಡುಗ್ರು ಏನೂ ಕದ್ದಿಲ್ರಿ,” ಎಂದಳು ಅಂಬುಬಾಯಿ. “ಬೇಕಾದ್ರ ನನ್ನ ಮೀಟರ್ ತಗದು ನೋಡ್ರಿ.”

“ನನಗ್ಯಾಕ ಯಾರೂ ಹೇಳ್ಲಿಲ್ಲ?”

“ನಿಮಗ ಹೇಳಿದ್ರ ಕೇಸ್ ಆಗ್ತೈತಂತ ನಾವ ಹುಡುಗ್ರಿಗೆ ಹೇಳಿದ್ವಿ. ತಪ್ಪಾಗಿದ್ರ ನಮ್ಮನ್ನ ಅನ್ರಿ. ಆ ಕೂಸಿಗೆ ಏನೂ ಅನಬ್ಯಾಡ್ರಿ.”

ನಾನು ದ್ಯಾಮಿಗೆ ಏನೂ ಅಂದಿರಲಿಲ್ಲ. ಆದರೂ ನನ್ನ ಮಗಳನ್ನು ನನ್ನಿಂದ ಬಿಡಿಸಿಕೊಳ್ಳುವ ಧ್ವನಿಯಲ್ಲಿ ಅವಳು ಮಾತಾಡುತ್ತಿದ್ದಳು.

ಫೋನಿನಲ್ಲಿ ಮೇಡಂ ಕಿರುಚುತ್ತಿದ್ದರು. ಕಂಡದ್ದನ್ನು ಕಂಡ ಹಾಗೆ ಹೇಳಿದೆ.

“ಹಂಚು?” ಎಂದರು. “ಮುಳಗುಂದ, ಕುಡದೀರೇನು?”

“ಇಲ್ರಿ ಮೇಡಂ. ಖರೇನ ಹೇಳಾಕತ್ತೀನಿ. ನನ್ನ ಮಗಳೂ ಅದಾಳ ಇಲ್ಲಿ.”

“ಹಂಗಂದ್ರ ನಿಮ್ಮ ಮಾತು ನಾ ಹೆಂಗ ನಂಬ್ಲಿ? ನೀವ ಬರದೀರಲ್ಲ, ಅಪಾಯವಿಲ್ಲ ಅಂತ ಹೇಳಾಕ ಬರಂಗಿಲ್ಲ ಅಂತ. ಈಗ ಮಗಳು ಸಿಕ್ಕ ಮ್ಯಾಲ ಬರ್ತೈತೇನು?”

ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

*

ಮರುದಿನ ‘ಗಾಳಿ ಬಿಸಿಲ ಮನೆ’ಗೆ ಬೀಗಮುದ್ರೆ ಬಿತ್ತು. ಗೊಂಬೆಗಳನ್ನು ಮನೆಮನೆಯಿಂದ ತರುವ ಕೆಲಸ ನನ್ನದೇ. ಗೋಣಿಚೀಲ ಹಿಡಿದು ಹೋದೆ. ಮಕ್ಕಳು ಅಳುತ್ತ ಕೊಟ್ಟರು, ಕೆಲವರು ಮುತ್ತಿಟ್ಟು ಕೊಟ್ಟರು. ದೊಡ್ಡವರು ಯಾರೂ ನನ್ನ ಮುಖ ನೋಡಲಿಲ್ಲ, ಆ ದಿನ ನಮಸ್ಕಾರವನ್ನೂ ಹೊಡೆಯಲಿಲ್ಲ.

ಮ್ಯೂಸಿಯಮ್ಮಿನ ಗೇಟಿನ ಹೊರಗೆ ಮೆಹಜಬೀನ್ ಟೀಚರು ಕೈಚೀಲ ಹಿಡಿದು ನಿಂತಿದ್ದರು. ಬಯ್ಯುತ್ತಾರೆ ಅಂದುಕೊಂಡೆ. “ಖರೇನೇನ್ರಿ? ಹುಡುಗ್ರು ಗೊಂಬಿ ಹಂಚಿನ ಮ್ಯಾಲ ಇಟ್ಕೊಂಡು ಹೋಗಿದ್ರಾ?” ಎಂದು ಕೇಳಿದರು. ಹೌದು ಎಂದೆ. ಅವರ ಕಣ್ಣು ತುಂಬಿದವು, ಆದರೂ ನಕ್ಕರು. “ನಾ ಒಂದ ಬಟನ್ ಅಂದಿದ್ದೆ. ಓಣಿಗೆ ಓಣಿ ಕೇಳ್ಕೊಂಡು ಹೋಗ್ಯಾವ ನೋಡ್ರಿ ಖೋಡಿಗಳು!” ಕೈಚೀಲ ಹೆಗಲಿಗೆ ಏರಿಸಿಕೊಂಡು ಅಂದರು, “ನೀವು ಅವತ್ತ ಕೇಳಿದಾಗ ನಾ ಖರ್ರೇನ ಹೇಳಿದ್ದೆ.” ನಾನು ತಲೆ ತಗ್ಗಿಸಿ ಚೀಲವನ್ನು ಬೈಕಿಗೆ ಕಟ್ಟಿದೆ.

ಅಂದು ಸಂಜೆ ಮೇಡಂ ಮುಂದೆ ಚೀಲ ಇಳಿಸಿದಾಗ ಕಂಟ್ರೋಲ್ ರೂಮಿನಲ್ಲಿ ಎಲ್ಲರ ಕಣ್ಣೂ ಪರದೆಯ ಮೇಲೆ ಇತ್ತು. ಬಿಸಿಲು ಇಳಿಯಿತು. ಗಾಳಿಯಿಲ್ಲ. ಬೆಟಗೇರಿಯ ಗೆರೆ ಈ ಸಲ ಮೆಟ್ಟಿಲು ಇಳಿಯಲಿಲ್ಲ, ನೆಟ್ಟಗೆ ಏರಿತು. ಫ್ರೀಕ್ವೆನ್ಸಿ, ಅಂದರೆ ಟೀಚರು ಹೇಳಿದ್ದ ಆ ಗುಂಯ್ ಅನ್ನುವುದರ ವೇಗ, ಕುಸಿಯತೊಡಗಿತು. ಬ್ಯಾಟರಿಗಳ ಗುರುತುಗಳು ಕೆಂಪಾದವು.

“ಏನ್ರಿ ಅದು ಸಪ್ಪಳ?” ಎಂದು ಮೇಡಂ ತಿರುಗಿದರು.

ಚೀಲದಿಂದ ಬರುತ್ತಿತ್ತು. ಮೂಲೆಯಲ್ಲಿ ಇಟ್ಟ ಗೋಣಿಚೀಲ ಒಟ್ಟಾಗಿ ಉಬ್ಬುತ್ತಿತ್ತು, ಒಟ್ಟಾಗಿ ಇಳಿಯುತ್ತಿತ್ತು. ಹತ್ತಾರು ರಬ್ಬರಿನ ಹೊಟ್ಟೆಗಳು ಒಂದೇ ಲಯದಲ್ಲಿ ಏದುಸಿರು ಬಿಡುತ್ತಿದ್ದವು. ಮೇಡಂ ಪರದೆ ನೋಡಿದರು, ಚೀಲ ನೋಡಿದರು, ಮತ್ತೆ ಪರದೆ ನೋಡಿದರು. ಫ್ರೀಕ್ವೆನ್ಸಿ ಇಳಿದಂತೆಲ್ಲ ಚೀಲದ ಉಸಿರು ಜೋರಾಗುತ್ತಿತ್ತು.

“ಈಗ ಇವಕ್ಕ ಯಾರು ಹೇಳಾಕತ್ತಾರ?” ಎಂದು ಅವರು ಕೇಳಿದರು. ಈ ಸಲ ನಿಜವಾಗಿ ತಿಳಿಯಲೆಂದೇ ಕೇಳಿದರು.

“ತಂತಿ, ಮೇಡಂ. ಟೀಚರು ಅದನ್ನ ಹೇಳಿದ್ರು.”

ಮೇಡಂ ಬೆಟಗೇರಿಯ ಕರೆಂಟ್ ತೆಗೆದರು. ಬೇರೆ ದಾರಿ ಇರಲಿಲ್ಲ. ಊರು ಕತ್ತಲಾಯಿತು, ಚೀಲದ ಉಸಿರು ನಿಧಾನವಾಯಿತು. “ನಾ ಕತ್ತಲಿ ಮಾಡಿ ಮಾಡೋದನ್ನ ಹುಡುಗ್ರು ಕತ್ತಲಿ ಮಾಡದ ಮಾಡ್ತಿದ್ರು,” ಎಂದು ಅವರು ತಮ್ಮಷ್ಟಕ್ಕೆ ಅಂದುಕೊಂಡದ್ದು ನನಗೆ ಕೇಳಿಸಿತು.

*

‘ಗಾಳಿ ಬಿಸಿಲ ಮನೆ’ಯ ಬೀಗಮುದ್ರೆ ತೆಗೆಸಿ ಗೊಂಬೆಗಳನ್ನು ಮಕ್ಕಳಿಗೆ ವಾಪಸ್ ಕೊಡಲು ಕೆಲವು ದಿನ ಹಿಡಿಯಿತು. ಮೇಡಂ ಖುದ್ದಾಗಿ ಹೋಗಿ ಟೀಚರ ಕ್ಷಮೆ ಕೇಳಿದರು ಎಂದು ಸುದ್ದಿ. ನಾನೂ ಹೋದೆ. ದ್ಯಾಮಿಗೆ ಹೊಸ ಗೊಂಬೆ ಬೇಕೆಂದು ಹೇಳಿದೆ. ಹಳೆಯದು ಏನಾಯಿತು ಎಂದು ಟೀಚರು ಕೇಳಲಿಲ್ಲ, ಬಹುಶಃ ಗೊತ್ತಿತ್ತು. ಕೊಟ್ಟರು.

ಮನೆಗೆ ತಂದು ಮಗಳ ಮುಂದೆ ಹಿಡಿದೆ. “ಕಲ್ಲವ್ವನ ನಾನ ಒಡದೆ. ಇಲಿ ಅಲ್ಲ,” ಎಂದೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಆಡಿದ ಮಾತು ಇನ್ನೊಂದಿಲ್ಲ.

“ಗೊತ್ತೈತಿ,” ಎಂದಳು ದ್ಯಾಮಿ. ಗೊಂಬೆಯನ್ನು ತೆಗೆದುಕೊಂಡಳು. ಅಡುಗೆಮನೆಯ ಗೂಡಿನಲ್ಲಿ ಮಾತ್ರ ಇಡಲಿಲ್ಲ. ಎಲ್ಲಿಡುತ್ತಾಳೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಶಾಲೆಯ ಸುದ್ದಿ ಕೇಳಿದರೆ “ಏನಿಲ್ಲ” ಅನ್ನುತ್ತಾಳೆ. ನಾನು ಬೈಕು ನಿಲ್ಲಿಸುವಾಗ ಬಾಗಿಲಲ್ಲಿ ಯಾರೂ ಇರುವುದಿಲ್ಲ. ಸಣ್ಣ ಹುಡುಗಿ, ನಾಲ್ಕು ದಿನ ಸಿಟ್ಟು, ಆಮೇಲೆ ಸರಿಹೋಗುತ್ತಾಳೆ ಎಂದು ಅನಸೂಯಾ ಸಮಾಧಾನ ಹೇಳುತ್ತಾಳೆ. ಅದನ್ನು ನಂಬುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ.

ನಿನ್ನೆ ಬಿಸಿಲು ಇಳಿದ ಮೇಲೆ ಗಾಳಿ ಏಳಲಿಲ್ಲ. ಗುರ್ಚಿ ಹೊರಡುತ್ತದೆ ಎಂದು ಎಣಿಸಿ ನಾನು ಕೆಲಸದಿಂದ ಬೇಗ ಬಂದೆ. ಮೇನ್ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡು ಬಾಗಿಲ ಹಿಂದೆ ನಿಂತೆ. ಒಂದು ಫ್ಯಾನಲ್ಲ, ಒಂದು ದೀಪವಲ್ಲ, ನಮ್ಮ ಮನೆ ಪೂರ್ತಿ ಕೊಡಬೇಕು, ದ್ಯಾಮಿಯ ಕಣ್ಣೆದುರಿಗೇ ಕೊಡಬೇಕು ಎಂದು ಆಸೆ. ಪಕ್ಕದ ಮನೆಯ ಮುಂದೆ ಮಕ್ಕಳ ಗದ್ದಲ ಕೇಳಿಸಿತು. ಅಲ್ಲಿ ಮಿಕ್ಸರ್ ನಿಂತಿತು, ದೀಪ ಆರಿತು, ಚಪ್ಪಾಳೆ ಬಿತ್ತು. ಹೆಜ್ಜೆಗಳು ನಮ್ಮ ಕಟ್ಟೆಯ ಮುಂದೆ ಬಂದವು.

“ಈ ಮನಿ ಬ್ಯಾಡ. ಮುಂದಿಂದಕ್ಕ ನಡೀರಿ,” ಎಂದಿತು ಒಂದು ಧ್ವನಿ. ಅದು ಯಾರ ಧ್ವನಿ ಎಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ.

ಹೆಜ್ಜೆಗಳು ದಾಟಿ ಹೋದವು. ನಾನು ಆದರೂ ಸ್ವಿಚ್ ಇಳಿಸಿದೆ. ಅನಸೂಯಾ ಒಲೆಯ ಮುಂದಿನಿಂದ ಎದ್ದು ಬಂದು ನನ್ನ ಪಕ್ಕ ಕೂತಳು. ಇಬ್ಬರೂ ಕತ್ತಲಲ್ಲಿ ಸೆಕೆಗೆ ಬೆವರುತ್ತ ಕೂತೆವು. ಓಣಿಯಲ್ಲಿ ಒಂದೊಂದೇ ಮನೆಯ ಸದ್ದು ಅಡಗುತ್ತ ಹೋಯಿತು.

ಸ್ವಲ್ಪ ಹೊತ್ತಿಗೆ ದ್ಯಾಮಿ ಬಂದಳು, ಹಂಚು ಕಂಕುಳಲ್ಲಿತ್ತು. ಹೊಸ್ತಿಲ ಹೊರಗೇ ನಿಂತಳು.

“ಅವ್ವಾ, ನಮ್ಮ ಮನಿ ಲೈಟ್ ಯಾಕ ಹೋಗ್ಯಾವು?”

“ಹೋಗಿಲ್ಲವಾ. ನಿಮ್ಮಪ್ಪ ಆರಿಸ್ಯಾನ.”

ಅವಳು ಒಳಗೆ ಬರಲಿಲ್ಲ. ನಾನು ಎಲ್ಲಿ ಕೂತಿದ್ದೇನೆ ಎಂದು ಕತ್ತಲಲ್ಲಿ ಹುಡುಕಿದಳು. ಹಂಚನ್ನು ಬೆನ್ನ ಹಿಂದೆ ಸರಿಸಿಕೊಂಡು, ಅವ್ವನನ್ನೇ ಮೆಲ್ಲಗೆ ಕೇಳಿದಳು:

“ಯಾರ್ನ ಹಿಡ್ಯಾಕ?”